ಫೈರ್‌ಫಾಕ್ಸ್: ಹಿಡಿದು, ಬಿಟ್ಟು, ಮತ್ತೆ ಹಿಡಿದವನ ವಿಮರ್ಶೆ

ಫೈರ್‌ಫಾಕ್ಸ್ ಎಂಬ ಬ್ರೌಸರ್ ನನ್ನ ಕೈಗೆ ಸಿಕ್ಕಿದ್ದು 2006ರ ಬೇಸಿಗೆಯಲ್ಲಿ, ಮೈಸೂರಿನ ಒಂದು ಸೈಬರ್ ಕೆಫೆಯಲ್ಲಿ. ಆಗ ಎಲ್ಲೆಲ್ಲೂ ಇಂಟರ್ನೆಟ್ ಎಕ್ಸ್‌ಪ್ಲೋರರ್ 6. ಅದು 2001ರಲ್ಲಿ ಬಂದದ್ದು. ಐದು ವರ್ಷವಾಗುತ್ತ ಬಂದರೂ ಮುಂದಿನ ಆವೃತ್ತಿ ಇನ್ನೂ ಪರೀಕ್ಷೆಯ ಹಂತದಲ್ಲೇ ಇತ್ತು. ಆರು ಪುಟ ತೆರೆದರೆ ಆರು ಕಿಟಕಿ, ನಡುವೆ ಕರೆಯದೆ ಬರುವ ಪಾಪ್-ಅಪ್‌ಗಳು. ಫೈರ್‌ಫಾಕ್ಸ್‌ನಲ್ಲಿ ಎಲ್ಲವೂ ಒಂದೇ ಕಿಟಕಿಯೊಳಗೆ ಟ್ಯಾಬ್‌ಗಳಾಗಿ ಕೂತಿದ್ದವು. ಟ್ಯಾಬ್ ಇದರ ಸ್ವಂತ ಶೋಧವೇನಲ್ಲ, ಒಪೇರಾ ಎಂಬ ಇನ್ನೊಂದು ಬ್ರೌಸರಿನಲ್ಲಿ ಮೊದಲೇ ಇತ್ತು. ನಮ್ಮಂಥವರಿಗೆ ಪರಿಚಯಿಸಿದ್ದು ಮಾತ್ರ ಇದು.

ಕನ್ನಡ ಓದುವವರ ಅಳತೆಗೋಲು ಬೇರೆ. ವಿಂಡೋಸ್ ಎಕ್ಸ್‌ಪಿಯ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ, ಕೇಳಿದಾಗ ಸಿ.ಡಿ. ತುರುಕಿದ ಮೇಲೆಯೇ ತುಂಗಾ ಫಾಂಟಿನಲ್ಲಿ ಅಕ್ಷರ ಸರಿಯಾಗಿ ಮೂಡುತ್ತಿದ್ದುದು. ಇಷ್ಟೆಲ್ಲ ಮಾಡಿದರೂ ಫೈರ್‌ಫಾಕ್ಸ್ 2ರಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ದೋಷ ಉಳಿದಿತ್ತು. ಎರಡೂ ಅಂಚು ಸಮವಾಗಲೆಂದು ಜಸ್ಟಿಫೈ ಮಾಡಿದ ಪುಟಗಳಲ್ಲಿ ಭಾರತೀಯ ಲಿಪಿಗಳು ಚೆದುರಿಬಿಡುತ್ತಿದ್ದವು. 'ಶಾಸ್ತ್ರ' ಎಂದು ಬರೆದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ, ಪಡಿತರದ ಅಂಗಡಿಯ ಮುಂದೆ ನಿಂತವರಂತೆ ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. 2008ರ ಜೂನ್‌ನಲ್ಲಿ ಬಂದ 3ನೇ ಆವೃತ್ತಿಯಲ್ಲಿ ಇದು ಸರಿಹೋಯಿತು. ಆ ಆವೃತ್ತಿ ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಬಾರಿ ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಸೇರಿತು. ಅದರಲ್ಲಿ ನನ್ನದೂ ಒಂದು. ದಾಖಲೆಗಾಗಿ ಅಲ್ಲ, ಒತ್ತಕ್ಷರಕ್ಕಾಗಿ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಕ್ರೋಮ್ ಬಂತು. 2012ರ ಹೊತ್ತಿಗೆ ನಾನೂ ಆ ಕಡೆ ವಲಸೆ ಹೋದೆ. ಕಾರಣ ವೇಗ, ಬೇರೇನೂ ಇಲ್ಲ. ವಾಪಸಾದದ್ದು 2017ರ ನವೆಂಬರ್‌ನಲ್ಲಿ, ಕ್ವಾಂಟಮ್ ಎಂಬ ಹೆಸರಿನ 57ನೇ ಆವೃತ್ತಿ ಬಂದಾಗ. ಪುಟದ ವಿನ್ಯಾಸವನ್ನು ಲೆಕ್ಕಹಾಕುವ ಭಾಗವನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆದಿದ್ದರು. ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಹಳೆಯ ಮಾದರಿಯ ಆಡ್-ಆನ್‌ಗಳು, ಅಂದರೆ ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು, ಅದರಲ್ಲಿ ಕೆಲಸ ಮಾಡುತ್ತಿರಲಿಲ್ಲವೆಂದು ಬಹುಕಾಲದ ಬಳಕೆದಾರರು ಸಿಟ್ಟಾದರು. ನ್ಯಾಯವಾದ ಸಿಟ್ಟೇ. ನನಗೆ ಅದರ ಬಿಸಿ ತಟ್ಟಲಿಲ್ಲ, ಆಗ ನಾನು ಊರಲ್ಲೇ ಇರಲಿಲ್ಲವಲ್ಲ!

ಈಗ ನನ್ನನ್ನು ಹಿಡಿದಿಟ್ಟಿರುವುದು ಕಂಟೇನರ್ ಟ್ಯಾಬ್‌ಗಳು. ಕಚೇರಿಯ ಮೇಲ್ ನೀಲಿ ಗೆರೆಯ ಟ್ಯಾಬಿನಲ್ಲಿ, ಮನೆಯ ಮೇಲ್ ಹಸಿರಿನಲ್ಲಿ, ಬ್ಯಾಂಕು ಕಿತ್ತಳೆಯಲ್ಲಿ. ಒಂದರ ಕುಕೀ (ನಮ್ಮ ಗುರುತಿಗಾಗಿ ತಾಣಗಳು ಬ್ರೌಸರಿನಲ್ಲಿ ಇಡುವ ಚೂರು ಮಾಹಿತಿ) ಇನ್ನೊಂದಕ್ಕೆ ಸಿಗುವುದಿಲ್ಲ. ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗುವ ತಲೆನೋವಿಲ್ಲ. ಇನ್ನೊಂದು ಆಕರ್ಷಣೆ ಜಾಹೀರಾತು ತಡೆಯುವ ಆಡ್-ಆನ್ ಯುಬ್ಲಾಕ್ ಒರಿಜಿನ್. ಕ್ರೋಮ್‌ನ ಹೊಸ ವಿಸ್ತರಣೆ ನಿಯಮಗಳಡಿ ಅದರ ಪೂರ್ಣ ರೂಪಕ್ಕೆ ಜಾಗವಿಲ್ಲ, ಇಲ್ಲಿ ಇದೆ. ಆಂಡ್ರಾಯ್ಡ್ ಫೋನಿನಲ್ಲೂ ಇದೆ.

ಕೊರತೆಯೆಂದರೆ ಒಂಟಿತನ. ಒಪೇರಾ 2013ರಲ್ಲಿ ಪುಟವನ್ನು ತೆರೆಯ ಮೇಲೆ ಮೂಡಿಸುವ ತನ್ನ ಸ್ವಂತ ಎಂಜಿನ್ ಕೈಬಿಟ್ಟು ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ ಹಿಡಿಯಿತು, 2020ರಲ್ಲಿ ಮೈಕ್ರೋಸಾಫ್ಟ್‌ನ ಎಡ್ಜ್ ಕೂಡ ಅದೇ ದಾರಿ ಹಿಡಿಯಿತು. ಆಪಲ್‌ನ ಸಫಾರಿಯನ್ನು ಬಿಟ್ಟರೆ ಬೇರೆ ಎಂಜಿನ್ ಇಟ್ಟುಕೊಂಡ ದೊಡ್ಡ ಬ್ರೌಸರ್ ಇದೊಂದೇ. ಆದರೆ ಇದರ ಮನೆ ನಡೆಯುವುದು ಬಹುಪಾಲು ಗೂಗಲ್ ಹುಡುಕಾಟವನ್ನು ಪೂರ್ವನಿಯೋಜಿತವಾಗಿ ಇಟ್ಟುಕೊಂಡಿದ್ದಕ್ಕೆ ಬರುವ ಹಣದಿಂದ. ಎದುರಾಳಿಯ ಅನ್ನ ತಿಂದು ಅವನೊಡನೆಯೇ ಕುಸ್ತಿ ಆಡುವ ಈ ವ್ಯವಸ್ಥೆ ಎಷ್ಟು ದಿನ ನಡೆದೀತು ಎಂಬ ಅಳುಕು ನನಗಿದೆ.

2007ರಲ್ಲಿ ಒಂದು ಬ್ಯಾಂಕಿನ ತಾಣ 'ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯಿರಿ' ಎಂದಿತ್ತು. ಕಳೆದ ತಿಂಗಳು ಒಂದು ಕಚೇರಿಯ ಅರ್ಜಿ ತುಂಬುತ್ತಿದ್ದೆ. ಮೂರನೇ ಪುಟದಲ್ಲಿ ಕೆಂಪು ಅಕ್ಷರದ ಸೂಚನೆ: 'ದಯವಿಟ್ಟು ಕ್ರೋಮ್ ಬಳಸಿ'. ಹೆಸರು ಬದಲಾಗಿದೆ, ಧಾಟಿ ಅದೇ. ಇಂಥ ಕೆಲಸಕ್ಕೆಂದೇ ಕ್ರೋಮ್ ಅನ್ನು ಮೂಲೆಯಲ್ಲಿ ಇಟ್ಟುಕೊಂಡಿದ್ದೇನೆ. ಇದಕ್ಕೆ ಐದರಲ್ಲಿ ಅರ್ಧ ಅಂಕ ಕಳೆಯುತ್ತೇನೆ, ತಪ್ಪು ಫೈರ್‌ಫಾಕ್ಸ್‌ನದಲ್ಲದಿದ್ದರೂ. ಅರ್ಜಿಯನ್ನು ಕ್ರೋಮ್‌ನಲ್ಲಿ ಸಲ್ಲಿಸಿ, ಇಳಿಸಿಕೊಂಡ ರಸೀದಿಯ ಮೇಲೆ ಎರಡು ಸಲ ಒತ್ತಿದೆ. ಪಿಡಿಎಫ್ ತೆರೆದುಕೊಂಡದ್ದು ಮತ್ತೆ ಫೈರ್‌ಫಾಕ್ಸ್‌ನಲ್ಲೇ.