ರಾಕ್ ಐಲ್ಯಾಂಡ್ 1911: ಕಡಿಮೆ ದುಡ್ಡಿಗೆ ಹಳೇ ಸೈನಿಕ ಪಿಸ್ತೂಲು

ಜಾನ್ ಬ್ರೌನಿಂಗ್ ವಿನ್ಯಾಸದ 1911 ಪಿಸ್ತೂಲು 1985ರವರೆಗೆ ಅಮೆರಿಕ ಸೇನೆಯ ಅಧಿಕೃತ ಪಿಸ್ತೂಲಾಗಿತ್ತು. ಫಿಲಿಪೈನ್ಸ್‌ನ ಆರ್ಮ್‌ಸ್ಕಾರ್ ಕಂಪನಿ ರಾಕ್ ಐಲ್ಯಾಂಡ್ ಹೆಸರಿನಲ್ಲಿ ಮಾಡುವ ಅದರ ನಕಲು ಅಮೆರಿಕದ ಅಂಗಡಿಗಳಲ್ಲಿ 500 ಡಾಲರ್ ಆಸುಪಾಸಿಗೆ ಸಿಗುತ್ತದೆ. ಆ ಬೆಲೆಗೆ ಖಂಡಿತ ಒಳ್ಳೆಯ ಮಾಲು.

.45 ಎಸಿಪಿ ತೋಟಾ, 5 ಇಂಚಿನ ನಳಿಗೆ, ಪೂರ್ತಿ ಉಕ್ಕು, ಮಸುಕು ಬೂದುಬಣ್ಣದ ಪಾರ್ಕರೈಸ್ಡ್ (ತುಕ್ಕು ತಡೆಯುವ ಫಾಸ್ಫೇಟ್) ಲೇಪ. ಫ್ರೇಮ್ ಎರಕದ್ದು, ಅದರಿಂದ ಬಾಳಿಕೆಗೆ ತೊಂದರೆಯಿಲ್ಲ. ಹಳೇ ಮಾದರಿಯ ಸೈಟ್ (ಗುರಿ ನೋಡುವ ಗುರುತು) ಮಾತ್ರ ತೀರಾ ಚಿಕ್ಕದು, ಮಬ್ಬು ಬೆಳಕಲ್ಲಿ ಕಾಣುವುದೇ ಕಷ್ಟ. ಕೈ ದಪ್ಪವಿದ್ದವರಿಗೆ ಹಿಂಬದಿಯ ಹ್ಯಾಮರ್ (ಸುತ್ತಿಗೆ) ಹೆಬ್ಬೆರಳಿನ ಬುಡದ ಚರ್ಮ ಕಚ್ಚುತ್ತದೆ.

ಮೊದಲು ಬಿಚ್ಚಿ, ಕಾರ್ಖಾನೆಯ ಜಿಡ್ಡು ಒರೆಸಿ, ಸ್ಲೈಡ್ (ಮೇಲಿನ ಜಾರುವ ಭಾಗ) ಓಡುವ ಹಳಿಗಳಿಗೆ ಎಣ್ಣೆ ಬಿಡಿ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಖಾಲಿಯೆಂದು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕಿ. ಸ್ಪ್ರಿಂಗ್ ಪ್ಲಗ್ ಒತ್ತಿ ಬುಷಿಂಗ್ (ನಳಿಗೆ ತುದಿಯ ಬಳೆ) ತಿರುಗಿಸುವಾಗ ಬೆರಳು ಜಾರಿದರೆ ಪ್ಲಗ್ ಮುಖಕ್ಕೇ ಹಾರುತ್ತದೆ, ಕನ್ನಡಕ ಇರಲಿ. ಮರುಜೋಡಿಸುವಾಗ ಸ್ಲೈಡ್ ಸ್ಟಾಪನ್ನು (ಸ್ಲೈಡ್ ತಡೆಯುವ ಸನ್ನೆ) ಅವಸರದಲ್ಲಿ ಮೇಲಕ್ಕೆ ತಳ್ಳಿದರೆ ಫ್ರೇಮಿನ ಎಡಬದಿಯಲ್ಲಿ ಕಮಾನಿನಂಥ ಗೀರು ಬೀಳುತ್ತದೆ, ಆಮೇಲೆ ಹೋಗುವುದಿಲ್ಲ.

ಗುಂಡು ಸಿಕ್ಕಿಕೊಂಡರೆ ಮೊದಲು ಮ್ಯಾಗಜೀನ್ ಬದಲಿಸಿ ನೋಡಿ. ಬಹಳ ಸಲ ತಪ್ಪು ಅದರ ಮೇಲಂಚಿನ ತುಟಿಯದೇ. ಆಮೇಲೆ ಎಕ್ಸ್‌ಟ್ರಾಕ್ಟರ್ (ತೋಟಾ ಹೊರಗೆಳೆಯುವ ಕೊಕ್ಕೆ) ಬಿಗಿ ಸರಿಯಿದೆಯೇ ನೋಡಿ. ಮೂಲ ವಿನ್ಯಾಸ ದುಂಡುಮೂತಿಯ 230 ಗ್ರೇನ್ ಗುಂಡಿನದು, ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿಯಿರುವ ಗುಂಡು) ಎಲ್ಲವೂ ಸಲೀಸಾಗಿ ಏರುವುದಿಲ್ಲ. ಒಳ್ಳೆಯ ಮ್ಯಾಗಜೀನ್ ಎರಡು ಜೊತೆಗೇ ಕೊಳ್ಳಿ. ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸೋತರೆ 16 ಪೌಂಡಿನದು ಹಾಕಿ.