ಲಿಸ್ಬನ್ ನಡಿಗೆ: ಬಾವುಟದ ಕಥೆ ಜಾಸ್ತಿ, ಡಾಕ್ಟರಮ್ಮನ ಕಥೆ ಕಡಿಮೆ

ಲಿಸ್ಬನ್‌ನಲ್ಲಿ ಗೈಡ್ ಜೊತೆ ಊರು ಸುತ್ತುವ ನಡಿಗೆಗಳು ಬೇಕಾದಷ್ಟಿವೆ. ನಾನು ಆರಿಸಿಕೊಂಡಿದ್ದು, ಪೋರ್ಚುಗಲ್‌ನಲ್ಲಿ ರಾಜನನ್ನು ಇಳಿಸಿ ಗಣರಾಜ್ಯ ತಂದ 1910ರ ಕ್ರಾಂತಿಯ ಹೆಂಗಸರ ಬಗ್ಗೆ ಇದ್ದದ್ದು. ಅದಕ್ಕೆ ಕಾರಣ ಅಡೆಲೈಡ್ ಕಬೇಟೆ. ಆಕೆ ಹೆರಿಗೆ ಡಾಕ್ಟರು, ನಾನು ಹೆರಿಗೆ ವಾರ್ಡಿನ ನರ್ಸ್.

ನಡಿಗೆ ಶುರುವಾಗುವುದು ಮಾರ್ಕೆಸ್ ದ ಪೊಂಬಾಲ್ ವೃತ್ತದಿಂದ. ಆಗ ಅದು ರೊಟುಂಡಾ, ಕ್ರಾಂತಿಕಾರರು ಬೀಡುಬಿಟ್ಟ ಜಾಗ. ಅಲ್ಲಿ ಹಾರಿದ ಹಸಿರು-ಕೆಂಪು ಬಾವುಟವನ್ನು ಕಬೇಟೆ ಮತ್ತು ಆಕೆಯ ಜೊತೆಗಾತಿ ಕರೋಲಿನಾ ಬೇಟ್ರಿಜ್ ಆಂಜೆಲೊ ಹೊಲಿದರಂತೆ. ಗೈಡ್ ಇದನ್ನು ಹೇಳಿದ ರೀತಿಗೆ ಪೂರ್ತಿ ಅಂಕ. ಅಷ್ಟು ಗಾಡಿಗಳ ಗದ್ದಲದಲ್ಲೂ ಯಾರೂ ಅತ್ತಿತ್ತ ನೋಡಲಿಲ್ಲ. 1911ರಲ್ಲಿ ಆಂಜೆಲೊ ಓಟು ಹಾಕಿದ್ದೂ ಚೆನ್ನಾಗಿ ಬಂತು. ಓದು ಬರಹ ಬಲ್ಲವರಿಗೆ ಅಥವಾ ಸಂಸಾರ ನಡೆಸುವವರಿಗೆ ಓಟು ಅಂತಿತ್ತು, ಗಂಡಸರಿಗೆ ಮಾತ್ರ ಅಂತ ಕಾನೂನಿನಲ್ಲಿ ಬರೆದಿರಲಿಲ್ಲ. ಗಂಡ ತೀರಿಕೊಂಡು ತಾವೇ ಸಂಸಾರ ನಡೆಸುತ್ತಿದ್ದ ಆಕೆ ಕೋರ್ಟಿಗೆ ಹೋಗಿ ಗೆದ್ದರು. 1913ರಲ್ಲಿ ಓಟು ಗಂಡಸರಿಗೆ ಮಾತ್ರ ಅಂತ ಕಾನೂನು ಮಾಡಿ ಆ ದಾರಿಯನ್ನೂ ಮುಚ್ಚಿದರು, ಅದು ಬೇರೆ ಮಾತು.

ಆದರೆ ಕಬೇಟೆಯ ಉಳಿದ ಬದುಕು? ವೃತ್ತದಿಂದ ಕೆಳಗಿಳಿಯುವ ಅವೆನಿದಾ ಎಂಬ ದೊಡ್ಡ ರಸ್ತೆಯಲ್ಲಿ ಹೋಗುವಾಗ ಒಂದು ಸಿಗ್ನಲ್ ಹತ್ತಿರ ನಿಂತಷ್ಟರಲ್ಲಿ ಮುಗಿದುಹೋಯಿತು. ಎಲ್ವಾಸ್ ಎಂಬ ಊರಿನ ಬಡ ಮನೆಯ ಹುಡುಗಿ. ಪ್ರಾಥಮಿಕ ಪರೀಕ್ಷೆ ಬರೆದಿದ್ದೇ 22ನೇ ವಯಸ್ಸಿಗೆ, ಮದುವೆಯಾದ ಮೇಲೆ, ಗಂಡನ ಒತ್ತಾಸೆಯಿಂದ. 1900ರಲ್ಲಿ ವೈದ್ಯ ಪದವಿ. ಅದಕ್ಕೆ ಬರೆದ ಪ್ರಬಂಧ ಬಡ ಬಸುರಿಯರ ರಕ್ಷಣೆಯ ಬಗ್ಗೆ. ದುಡಿಯುವ ಹೆಂಗಸಿಗೆ ಹೆರಿಗೆಗೆ ಮುಂಚೆ ಒಂದು ತಿಂಗಳು ಬಿಡುವು ಬೇಕು ಅಂತ ಕೇಳಿದವರು ಇವರು. ದಿನ ತುಂಬುವ ತನಕ ನಿಂತೇ ಕೆಲಸ ಮಾಡಿ, ಕಾಲು ಊದಿಸಿಕೊಂಡು ಬರುವವರನ್ನು ನಾನು ಈಗಲೂ ನೋಡುತ್ತೇನೆ. ಇದಕ್ಕಿಂತ ಬಾವುಟ ಹೊಲಿದಿದ್ದು ದೊಡ್ಡದಾ?

ಶಾಂತಿಯ ವಿಷಯವಂತೂ ಬರಲೇ ಇಲ್ಲ. ಮಕ್ಕಳಿಗೆ ಯುದ್ಧದ ಆಟಿಕೆ ಬೇಡ ಅಂದವರು ಆಕೆ. ಗೂಳಿ ಕಾಳಗವನ್ನೂ ವಿರೋಧಿಸಿದರು. ಪೋರ್ಚುಗೀಸ್ ಮಹಿಳೆಯರ ರಾಷ್ಟ್ರೀಯ ಮಂಡಳಿ ಕಟ್ಟಿದ್ದು 1914ರಲ್ಲಿ, ಯುರೋಪು ಯುದ್ಧಕ್ಕಿಳಿದ ವರ್ಷವೇ. ರೊಸ್ಸಿಯೊ ಚೌಕದಲ್ಲಿ ಕಾಫಿಗೆ ಬಿಟ್ಟಾಗ ನಾನೇ ಕೇಳಿದೆ. ನೋಡಿದರೆ ಗೈಡ್‌ಗೆ ಎಲ್ಲಾ ಗೊತ್ತು, 1929ರಲ್ಲಿ ಆಕೆ ಅಂಗೋಲಕ್ಕೆ ಹೋಗಿದ್ದೂ ಸೇರಿ! ಅಂದಮೇಲೆ ದೂರಬೇಕಾದ್ದು ಅವರನ್ನಲ್ಲ, ಯಾವುದಕ್ಕೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿಕೊಟ್ಟ ಕಂಪನಿಯನ್ನು, ಅಲ್ವಾ?

ನಡಿಗೆ ಮುಗಿಯುವುದು ಗಣರಾಜ್ಯ ಘೋಷಣೆಯಾದ ನಗರಸಭೆ ಬಾಲ್ಕನಿ ಎದುರು. ಎಲ್ಲರೂ ಫೋಟೊ ತೆಗೆಸಿಕೊಂಡರು, ಅಷ್ಟೇ.

ಐದಕ್ಕೆ ಮೂರು ನಕ್ಷತ್ರ. ಫುಟ್‌ಪಾತಿನ ಕಲ್ಲುಗಳು ಜಾರುತ್ತವೆ, ಗಟ್ಟಿ ಹಿಡಿತದ ಶೂ ಹಾಕಿಕೊಳ್ಳಿ. ಕಾಫಿ ಹೊತ್ತಿನಲ್ಲಿ ಗೈಡ್ ಪಕ್ಕದ ಕುರ್ಚಿ ಮೊದಲೇ ಹಿಡಿದುಬಿಡಿ.