ಒಂಬತ್ತು ವರ್ಷ ನಿಂತಿದ್ದ ಮಾರುತಿ 800: ಮನೆಯಲ್ಲೇ ಎಂಜಿನ್ ಬಿಚ್ಚಿ ಕಟ್ಟಿದ ಮೇಲಿನ ನಾಲ್ಕು ವರ್ಷ

ನಮ್ಮ 1994ರ ಮಾರುತಿ 800 ಮತ್ತೆ ಉಸಿರಾಡಿದ್ದು 2021ರ ಮೇ ತಿಂಗಳಲ್ಲಿ. ಅಲ್ಲಿಂದ ಇಲ್ಲಿಯವರೆಗೆ 31,000 ಕಿಲೋಮೀಟರ್ ಓಡಿದೆ. ದಾರಿಯಲ್ಲಿ ಕೈಕೊಟ್ಟಿದ್ದು ಎರಡೇ ಸಲ. ಹಳೆಯ ಕಾರನ್ನು ಗುಜರಿಗೆ ಹಾಕುವುದೋ ಉಳಿಸಿಕೊಳ್ಳುವುದೋ ಎಂಬ ಗೊಂದಲದಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಪ್ಪ ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿದ್ದವರು. ಅವರು ಉಳಿತಾಯದ ಹಣದಲ್ಲಿ ಕೊಂಡ ಮೊದಲ ಮತ್ತು ಕೊನೆಯ ಕಾರು ಇದು. 2012ರಲ್ಲಿ ನಾನು ಬೇರೆ ಕಾರು ತಂದಾಗ ಇದು ಕ್ಯಾತ್ಸಂದ್ರದ ಮನೆಯ ಹಿತ್ತಲಿನ ತಗಡಿನ ಶೆಡ್ಡಿಗೆ ಸೇರಿತು. ಆಗ ಮೀಟರಿನಲ್ಲಿ 82,000 ಕಿಲೋಮೀಟರ್ ಇತ್ತು. ವಾರಕ್ಕೊಮ್ಮೆ ಚಾಲೂ ಮಾಡೋಣ ಎಂದುಕೊಂಡವರು ತಿಂಗಳಿಗೊಮ್ಮೆಯೂ ಮಾಡಲಿಲ್ಲ. 2021ರ ಜನವರಿಯಲ್ಲಿ ಗುಜರಿಯವರೊಬ್ಬರು ಬಂದು 14,000 ರೂಪಾಯಿ ಹೇಳಿದರು. ಅಪ್ಪ ಒಂದು ಮಾತೂ ಆಡದೆ ಒಳಗೆ ಹೋದರು. ಅಂದೇ ಸಂಜೆ ನಾನು ಬಾನೆಟ್ ಎತ್ತಿದೆ.

ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. ಸುಜುಕಿಯ ಎಫ್8ಬಿ: 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವ್. ಸಿಲಿಂಡರಿನ ವ್ಯಾಸ 68.5 ಮಿಲಿಮೀಟರ್, ಪಿಸ್ಟನ್ನಿನ ಓಟ 72. ಮಾರುತಿ 800 ಮೊದಲು ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೆ ಇದೇ ಎಂಜಿನ್ ಓಮ್ನಿಯಲ್ಲಿ 2019ರವರೆಗೂ ಮುಂದುವರಿಯಿತು. ಹಾಗಾಗಿ ಪಿಸ್ಟನ್ ರಿಂಗು, ಗ್ಯಾಸ್ಕೆಟ್, ಬೇರಿಂಗುಗಳಿಗೆ ಇವತ್ತಿಗೂ ಬೆಂಗಳೂರಿಗೆ ಓಡಬೇಕಿಲ್ಲ. ಓಮ್ನಿಯದು ಎಂದು ಕೇಳಿದರೆ ತುಮಕೂರಿನಲ್ಲೇ ಸಿಗುತ್ತವೆ. ಚೈನ್ ಪುಲ್ಲಿ ಕಟ್ಟಿದರೆ ಇಬ್ಬರೇ ಎಂಜಿನ್ ಹೊರತೆಗೆಯಬಹುದು. ಒಳಗೆ ಕಂಪ್ಯೂಟರ್ ಇಲ್ಲ, ಸೆನ್ಸರುಗಳಿಲ್ಲ. ಪೆಟ್ರೋಲ್, ಗಾಳಿ, ಕಿಡಿ, ಇಷ್ಟೇ ಲೆಕ್ಕ. ಮನೆಯಲ್ಲಿ ಕಲಿಯುವವನಿಗೆ ಇದಕ್ಕಿಂತ ಸೌಜನ್ಯದ ಎಂಜಿನ್ ನಾನು ಕಂಡಿಲ್ಲ.

ಹೊಸ ಬ್ಯಾಟರಿ ತಂದು ಕೀಲಿ ತಿರುಗಿಸಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಸ್ಟಾರ್ಟರಿನ ಬಲಕ್ಕೆ ರಿಂಗು ಮುರಿಯಬಹುದು, ಗೋಡೆಗೆ ಗೀರು ಬೀಳಬಹುದು. ನಾನು ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಟೋಮ್ಯಾಟಿಕ್ ಗೇರ್ ಎಣ್ಣೆಯನ್ನೂ ಅಸಿಟೋನನ್ನೂ ಸಮಪಾಲು ಬೆರೆಸಿ, ಒಂದೊಂದು ಸಿಲಿಂಡರಿಗೆ ನಾಲ್ಕು ಚಮಚದಂತೆ ಹಾಕಿದೆ. ಪ್ರತಿ ಸಂಜೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಸಿಕ್ಕಿಸಿ ಹಗುರವಾಗಿ ಹಿಂದೆ ಮುಂದೆ ಅಲುಗಿಸಿ ನೋಡುವುದು, ಅಲುಗದಿದ್ದರೆ ಮತ್ತೆರಡು ಚಮಚ ಹಾಕಿ ಬಿಟ್ಟುಬಿಡುವುದು. ಹತ್ತು ದಿನ ಬಂಡೆಯಂತೆ ಕೂತಿತ್ತು. ಹನ್ನೊಂದನೆಯ ಸಂಜೆ ಒಳಗೆಲ್ಲೋ ಟಿಕ್ ಎಂದ ಸದ್ದಾಯಿತು, ಸ್ಪ್ಯಾನರ್ ಒಂದು ಬೆರಳಿನಗಲ ಜಾರಿತು. ಆ ಒಂದು ಬೆರಳಿನಗಲ ಕೊಟ್ಟ ಸಂತೋಷವನ್ನು ಮುಂದೆ ಎಂಜಿನ್ ಚಾಲೂ ಆದದ್ದೂ ಕೊಡಲಿಲ್ಲ.

ಬಿಚ್ಚಿದ ಮೇಲೆ ಗೊತ್ತಾಯಿತು, ಈ ಎಂಜಿನ್ ಓಡಿ ಸವೆದಿರಲಿಲ್ಲ, ಆರೈಕೆ ತಪ್ಪಿ ಕೆಟ್ಟಿತ್ತು. ಎಣ್ಣೆ ತೊಟ್ಟಿಯ ತಳದಲ್ಲಿ ಜೋನಿಬೆಲ್ಲದಂಥ ಕಪ್ಪು ಗಸಿ ಇತ್ತು. ಅದಕ್ಕೊಂದು ಕಾರಣವೂ ಸಿಕ್ಕಿತು: ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟನ್ನೇ ಹಿಂದೆ ಯಾರೋ ಮೆಕ್ಯಾನಿಕ್ ತೆಗೆದು ಎಸೆದಿದ್ದರು. ಅದಿಲ್ಲದಿದ್ದರೆ ಸಣ್ಣ ಓಡಾಟದಲ್ಲಿ ಎಂಜಿನ್ ಸರಿಯಾದ ಕಾವಿಗೆ ಬರುವುದೇ ಇಲ್ಲ, ಎಣ್ಣೆಗೆ ಸೇರಿದ ತೇವ ಆವಿಯಾಗದೆ ಉಳಿದು ಗಸಿಗಟ್ಟುತ್ತದೆ. ತಂಪಾಗಿದ್ದರೆ ಒಳ್ಳೆಯದು ಎಂಬ ತಪ್ಪು ತಿಳಿವಳಿಕೆ ನಮ್ಮ ಕಡೆ ಎಷ್ಟು ಎಂಜಿನ್‌ಗಳನ್ನು ತಿಂದಿದೆಯೋ!

ಅದಕ್ಕಿಂತ ಹೆಚ್ಚು ಬೇಸರ ತಂದದ್ದು ನೀರಿನ ದಾರಿ. ಸಿಲಿಂಡರುಗಳ ಸುತ್ತ ನೀರು ಹರಿಯುವ ಪೊಳ್ಳಿಗೆ ಟಾರ್ಚ್ ಬಿಟ್ಟು ನೋಡಿದರೆ ಬಚ್ಚಲಿನ ಹಂಡೆಯೊಳಗೆ ಇಣುಕಿದಂತಿತ್ತು: ಬಿಳಿ, ಅದರ ಮೇಲೆ ತುಕ್ಕಿನ ಕೆಂಪು, ಮತ್ತೆ ಬಿಳಿ. ಸ್ಕ್ರೂಡ್ರೈವರಿನಿಂದ ಕೆರೆದಾಗ ಮೊಟ್ಟೆಯ ಚಿಪ್ಪಿನಂತೆ ಹಲ್ಲೆಹಲ್ಲೆಯಾಗಿ ಎದ್ದು ಬಂತು. ಇದು ನಮ್ಮ ಕೊಳವೆಬಾವಿಯ ಗಡಸು ನೀರಿನ ಕೆಲಸ. ವರ್ಷಗಟ್ಟಲೆ ರೇಡಿಯೇಟರಿಗೆ ನಲ್ಲಿ ನೀರನ್ನೇ ಸುರಿದಿದ್ದೆವು. ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಬಿಸಿನೀರಿನಲ್ಲಿ ಕರಗಿಸಿ ತುಂಬಿಸಿ, ನೊರೆ ನಿಂತ ಮೇಲೆ ಚೆಲ್ಲಿ, ಹೀಗೆ ಮೂರು ಸಲ ಮಾಡಿದ ಮೇಲೆ ಎರಕದ ಕಬ್ಬಿಣದ ಬಣ್ಣ ಕಂಡಿತು. ಅಂದಿನಿಂದ ಬಟ್ಟಿ ಇಳಿಸಿದ ನೀರು ಮತ್ತು ಕೂಲಂಟ್ ಅರ್ಧರ್ಧ ಬಿಟ್ಟರೆ ಬೇರೇನನ್ನೂ ಹಾಕಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೆಯ ಕಾರು ಇಟ್ಟುಕೊಂಡವರು ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಸಿಲಿಂಡರಿನ ಒಳಗೋಡೆಯನ್ನು ಲೇತ್ ಅಂಗಡಿಯಲ್ಲಿ ಅಳೆಸಿದಾಗ ಬೋರಿಂಗ್, ಅಂದರೆ ಕೊರೆದು ಅಗಲ ಮಾಡುವುದು, ಬೇಕಿಲ್ಲ ಎಂದರು. ಗೋಡೆಯನ್ನು ನವಿರಾಗಿ ಉಜ್ಜುವ ಹೋನಿಂಗ್ ಮಾತ್ರ ಮಾಡಿಸಿ ಹೊಸ ರಿಂಗು ಹಾಕಿದೆ. ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಕೈಯಲ್ಲೇ ಉಜ್ಜಿ ಕೂರಿಸಿದೆ. ಟೈಮಿಂಗ್ ಬೆಲ್ಟ್, ಎಣ್ಣೆ ಸೀಲುಗಳು, ರಬ್ಬರ್ ಪೈಪುಗಳು ಎಲ್ಲವೂ ಹೊಸವು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರಿನ ಹಿತ್ತಾಳೆ ಜೆಟ್‌ಗಳಿಗೆ ಉಕ್ಕಿನ ತಂತಿ ತೂರಿಸಬೇಡಿ, ರಂಧ್ರ ದೊಡ್ಡದಾಗುತ್ತದೆ. ನೈಲಾನ್ ಗಾಳದ ದಾರ ಸಾಕು. ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟನ್ನು ಅಂದಾಜಿನ ಮೇಲೆ ಬಿಗಿಮಾಡಲು ಹೋಗಿ ಅಲ್ಯೂಮಿನಿಯಂನಲ್ಲಿದ್ದ ತಿರುಪಿನ ಎಳೆಗಳನ್ನು ಕೆಡಿಸಿದೆ. ಮರುದಿನವೇ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಕೊಂಡೆ. ಅದನ್ನು ಮೊದಲ ದಿನವೇ ಕೊಳ್ಳಬೇಕಿತ್ತು.

ಟ್ಯಾಪೆಟ್, ಅಂದರೆ ವಾಲ್ವ್ ತುದಿಯಲ್ಲಿ ಬಿಡಬೇಕಾದ ಸಣ್ಣ ಅಂತರ, ಹೊಂದಿಸುವ ದಿನ ಅಪ್ಪ ಸ್ಟೂಲ್ ತಂದು ಪಕ್ಕದಲ್ಲಿ ಕೂತರು. ಆರು ವಾಲ್ವ್, ಆರು ಸ್ಕ್ರೂ, ಆರು ಲಾಕ್ ನಟ್. ನಾನು ಅಂತರ ಅಳೆಯುವ ಫೀಲರ್ ಗೇಜಿನ ತೆಳು ಎಸಳನ್ನು ತೂರಿಸಿ ಸರಿಯಾಗಿದೆ ಎಂದೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿ ಎಸಳನ್ನು ಎರಡು ಬೆರಳಲ್ಲಿ ಎಳೆದರು. "ಸಡಿಲ. ರೇಷ್ಮೆ ಸೀರೆಯ ಮಡಿಕೆಯಿಂದ ಕಾಗದ ಎಳೆದ ಹಾಗೆ ಬರಬೇಕು" ಎಂದರು. ನಟ್ ಬಿಗಿಯುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗಿ ಅಂತರ ಬದಲಾಗುತ್ತದೆ. ಅವರು ಎಡಗೈಯಲ್ಲಿ ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದು, ಬಲಗೈಯಲ್ಲಿ ನಟ್ ಬಿಗಿದು, ಮತ್ತೆ ಎಸಳು ಎಳೆದು ನೋಡುತ್ತಿದ್ದರು. ಆರಕ್ಕೆ ಎರಡೂವರೆ ಗಂಟೆ. ಬೆರಳ ತುದಿಗೆ ಎಣ್ಣೆ ಮೆತ್ತಿಕೊಂಡು ಅಷ್ಟು ನೆಮ್ಮದಿಯಿಂದ ಕೂತ ಅಪ್ಪನನ್ನು ಕಾರ್ಖಾನೆ ಬಿಟ್ಟ ಮೇಲೆ ನಾನು ನೋಡಿರಲಿಲ್ಲ. ಟ್ಯಾಪೆಟ್ ಸದ್ದಿಲ್ಲದ ಇಂಥ ಎಂಜಿನ್ ಕೇಳಿಲ್ಲ ಎಂದು ಗ್ಯಾರೇಜಿನವರೂ ಹೇಳುತ್ತಾರೆ.

ಇನ್ನು ಓಡಾಟದ ವಿಷಯ. ಮೊದಲ 500 ಕಿಲೋಮೀಟರಿಗೆ ಎಣ್ಣೆ ಬದಲಿಸಿದೆ. ಈಗ 5,000ಕ್ಕೊಮ್ಮೆ, 20ಡಬ್ಲ್ಯೂ-40 ಖನಿಜ ಎಣ್ಣೆ. ಎರಡು ಬದಲಾವಣೆಗಳ ನಡುವೆ ಕಾಲು ಲೀಟರಿನಷ್ಟೂ ಕಡಿಮೆಯಾಗುವುದಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಮೂರರಲ್ಲೂ 165ರಿಂದ 170 ಪಿಎಸ್‌ಐ ನಡುವೆ ಇದೆ. ಊರೊಳಗೆ ಲೀಟರಿಗೆ 15, ಶಿರಾ ಕಡೆ ಹೆದ್ದಾರಿಯಲ್ಲಿ 70ರ ವೇಗದಲ್ಲಿ 18 ಕಿಲೋಮೀಟರ್ ಕೊಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ದೇವರಾಯನದುರ್ಗ ಬೆಟ್ಟದ ತಿರುವುಗಳನ್ನು ಎರಡನೆಯ ಗೇರಿನಲ್ಲಿ ಹತ್ತಿದಾಗಲೂ ಉಷ್ಣತೆಯ ಮುಳ್ಳು ಅರ್ಧ ದಾಟಲಿಲ್ಲ. ಹಿಂದೆ ಇದೇ ಕಾರಿನಲ್ಲಿ ಅದೇ ದಾರಿಯ ನಾಮದ ಚಿಲುಮೆಯ ಹತ್ತಿರ ನಿಂತು ಬಾನೆಟ್ ಎತ್ತಿ ಕಾಯುತ್ತಿದ್ದೆವು.

ಕೈಕೊಟ್ಟ ಎರಡು ಸಲದ ಕಥೆ: ಮೊದಲನೆಯದು ಹೆಡ್ ಗ್ಯಾಸ್ಕೆಟ್, ಎಂಜಿನ್‌ನ ಮೇಲ್ಭಾಗಕ್ಕೂ ಸಿಲಿಂಡರುಗಳಿಗೂ ನಡುವೆ ಸೋರದಂತೆ ಕೂರುವ ಹಾಳೆ. ಪೊಟ್ಟಣದ ಮೇಲೆ ಹೆಸರಾಂತ ಮುದ್ರೆ ಇತ್ತು, ಒಳಗಿದ್ದದ್ದು ನಕಲಿ. 900 ಕಿಲೋಮೀಟರಿಗೆ ನೀರು ಸೋರಿತು, ಇಡೀ ಹೆಡ್ ಮತ್ತೆ ಬಿಚ್ಚಬೇಕಾಯಿತು. ಮಾರಿದ ಅಂಗಡಿಯವರು ಹಣ ಹಿಂತಿರುಗಿಸಲಿಲ್ಲ. ಉಳಿಸಿದ್ದು 300 ರೂಪಾಯಿ, ಕಳೆದದ್ದು ಒಂದು ವಾರ. ಎರಡನೆಯದು 2024ರಲ್ಲಿ, ಪೆಟ್ರೋಲ್ ಪಂಪಿನ ರಬ್ಬರ್ ಪೊರೆ ಉಬ್ಬಿ ಹರಿದದ್ದು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾಲದ ರಬ್ಬರಿಗೆ ಒಗ್ಗುವುದಿಲ್ಲ. ಪಂಪ್ ಬದಲಿಸಿ, ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಜಾತಿಯವನ್ನೇ ಹಾಕಿದ ಮೇಲೆ ತೊಂದರೆಯಿಲ್ಲ. ಈ ಪೆಟ್ರೋಲ್ ತೇವವನ್ನೂ ಹೀರುತ್ತದೆ, ಹಾಗಾಗಿ ಹತ್ತು ದಿನಕ್ಕಿಂತ ಹೆಚ್ಚು ಕಾರನ್ನು ನಿಲ್ಲಿಸುವುದಿಲ್ಲ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ತಗಡು ತೆಳು. ರಾತ್ರಿ ಹೊತ್ತು ಲಾರಿಗಳ ನಡುವೆ ಬೆಂಗಳೂರಿಗೆ ಮಕ್ಕಳನ್ನು ಇದರಲ್ಲಿ ಕರೆದೊಯ್ಯುವುದಿಲ್ಲ, ನೀವೂ ಕರೆದೊಯ್ಯಬೇಡಿ. ಎಂಜಿನ್ ಎಷ್ಟು ಚೆನ್ನಾಗಿದ್ದರೂ ಆ ಸತ್ಯ ಬದಲಾಗುವುದಿಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಎಂಜಿನ್‌ಗೆ ಕೈ ಹಾಕುವ ಮುನ್ನ ಕಾಗದಪತ್ರಗಳನ್ನು ನೋಡಿಕೊಳ್ಳಿ.

ಎಂಜಿನ್‌ಗೆ ಬಿಡಿಭಾಗ, ಲೇತ್ ಕೂಲಿ, ಉಪಕರಣ ಸೇರಿ ಆದ ಖರ್ಚು 38,000 ರೂಪಾಯಿ, ಹಿಡಿದ ಕಾಲ ನಾಲ್ಕು ತಿಂಗಳ ಭಾನುವಾರಗಳು. ಬರುವ ತಿಂಗಳು ಟೈಮಿಂಗ್ ಬೆಲ್ಟ್ ಬದಲಿಸುವ, ಟ್ಯಾಪೆಟ್ ನೋಡುವ ಸರದಿ. ಟ್ಯಾಪೆಟ್ ಮುಚ್ಚಳ ಯಾವ ದಿನ ತೆಗೆಯುತ್ತೀಯ ಎಂದು ಮೊದಲೇ ತಿಳಿಸು ಎಂದು ಅಪ್ಪ ಹೇಳಿದ್ದಾರೆ. ಫೀಲರ್ ಗೇಜನ್ನು ತಮ್ಮ ಮೇಜಿನ ಡ್ರಾಯರಿನಲ್ಲಿ, ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾರೆ.